ಬಂಡೆಯ ಬುಡದಲ್ಲಿ ಬಿಳಿ ಕೋಟು

ಫೋಟೋಗ್ರಾಫರು ನೆಗೆಟಿವ್‌ಗಳ ಇನ್ನೊಂದು ಡಬ್ಬಿಯನ್ನೂ ಊಟದ ಮೇಜಿನ ಮೇಲೆ ಬೋರಲು ಹಾಕಿದರು. ಪಕ್ಕದ ಕೋಣೆಯಲ್ಲಿ ತೀರಿಕೊಂಡ ಹೆಂಡತಿಯನ್ನು ಮಲಗಿಸಿದ್ದರು. ಬಂದವರು ಸದ್ದಿಲ್ಲದೆ ಗೋಡೆಯುದ್ದಕ್ಕೂ ಕೂತಿದ್ದರು. ಸಂಜೆ ವ್ಯಾನು ಬರುವುದರೊಳಗೆ ಅವಳ ತಲೆಯ ಬಳಿ ಅವಳದೊಂದು ಫೋಟೋ ಇಡಲೇಬೇಕೆಂದು ಫೋಟೋಗ್ರಾಫರು ಬೆಳಿಗ್ಗೆಯಿಂದ ಪಟ್ಟು ಹಿಡಿದಿದ್ದರು.

"ಗುರುತಿನ ಚೀಟೀಲಿ ಒಂದಿದೆಯಲ್ಲಪ್ಪ, ಅದನ್ನೇ ದೊಡ್ಡದು ಮಾಡಿದ್ರಾಯ್ತು," ಎಂದಳು ಮಗಳು.

"ಅದರಲ್ಲಿ ನಿಮ್ಮಮ್ಮ ಏನೋ ಕದ್ದು ಸಿಕ್ಕಿಬಿದ್ದವಳ ಥರ ಕಾಣ್ತಾಳೆ. ಬೇಡ."

"ಮದುವೆ ಫೋಟೋ?"

"ಅದರಲ್ಲಿ ಅವಳು ಥೇಟ್ ನಿನ್ನ ಥರಾನೇ ಇದ್ದಾಳೆ. ಅದನ್ನಿಟ್ರೆ ಹೋಗಿದ್ದು ನೀನೇ ಅನ್ಕೊಂಡು ಜನ ಇನ್ನೂ ಜೋರಾಗಿ ಅಳ್ತಾರೆ," ಎಂದಳು ನಾದಿನಿ. ಅಕ್ಕನಂತೆಯೇ ಅವಳ ನಾಲಿಗೆಗೂ ಲಗಾಮಿಲ್ಲ. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು.

ಮಗಳ ಮೊಬೈಲಿನಲ್ಲಿ ಅಮ್ಮ ಬೇಕಾದಷ್ಟಿದ್ದಳು, ಆದರೆ ಬರೀ ಬೆನ್ನು. ಯಾರೇ ಕ್ಯಾಮೆರಾ ಎತ್ತಲಿ, ಅವಳು ತಟ್ಟನೆ ಅತ್ತ ತಿರುಗುತ್ತಿದ್ದಳು. ಮೊಮ್ಮಗುವನ್ನು ಎತ್ತಿಕೊಂಡಾಗಲೂ ಮಗುವಿನ ಮುಖ ಇತ್ತ, ಅಜ್ಜಿಯ ಜಡೆಯೂ ಇತ್ತ.

"ಈ ಅಭ್ಯಾಸ ಮಾಡಿಸಿದ್ಯಾರು, ಭಾವ?" ನಾದಿನಿ ಕೇಳಿದಳು.

ಅವರು ಒಂದೊಂದೇ ನೆಗೆಟಿವ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

*

ಅವರ ಹೆಂಡತಿ ದರ್ಜಿ. ಮನೆಯ ಮುಂದಿನ ಸ್ಟುಡಿಯೋದ ಪಕ್ಕದ ಕೋಣೆಯಲ್ಲೇ ಅವಳ ಹೊಲಿಗೆಯಂತ್ರ. ರಜೆ ಬಂದರೆ ಗಂಡ ಕ್ಯಾಮೆರಾ ಹೊತ್ತು ಕಡಿದಾದ ಒಂದು ದೊಡ್ಡ ಬಂಡೆಗೋಡೆಗೆ ಹೊರಡುತ್ತಿದ್ದರು, ಅವಳು ಬುತ್ತಿ ಹೊತ್ತು ಹಿಂದೆ. ಬರೀ ಬಂಡೆ ತೆಗೆದರೆ ಅದು ಅಂಗಳದ ಕಲ್ಲೋ ಆಕಾಶ ಮುಟ್ಟುವ ಗೋಡೆಯೋ ಯಾರಿಗೂ ತಿಳಿಯದು. ಬುಡದಲ್ಲಿ ಒಬ್ಬರು ನಿಂತರೆ ನೋಡುವವರ ಎದೆ ಝಲ್ಲೆನ್ನಬೇಕು. ನಿಲ್ಲುವುದು ಅವಳ ಕೆಲಸ. ಕಪ್ಪು ಬಂಡೆಯ ಮುಂದೆ ಎದ್ದು ಕಾಣಲೆಂದು ಬಿಳಿ ಕೋಟೊಂದನ್ನು ತಾನೇ ಹೊಲಿದುಕೊಂಡಿದ್ದಳು.

"ವಾರವೆಲ್ಲ ಊರವರ ಅಳತೆ ತಗೋತೀನಿ. ರಜಾ ದಿನ ನಾನೇ ಟೇಪು," ಎಂದು ನಗುತ್ತಿದ್ದಳು.

ನಿಯಮ ಒಂದೇ: ಮುಖ ಬಂಡೆಯ ಕಡೆಗಿರಬೇಕು. ಮುಖ ಕಂಡರೆ ಜನ ಅದನ್ನೇ ನೋಡುತ್ತಾರೆ, ಬಂಡೆಯನ್ನು ನೋಡುವುದಿಲ್ಲ.

ಒಂದು ದಿನ ಮಾತ್ರ ಅವಳು ತಿರುಗಲಿಲ್ಲ. ದೂರದಲ್ಲಿ, ಎರಡೂ ಕೈ ಮೇಲೆತ್ತಿ, ಇತ್ತಲೇ ನೋಡುತ್ತಾ ಏನೋ ಕೂಗುತ್ತಿದ್ದಳು. ಗಾಳಿಗೆ ಒಂದೂ ಕೇಳಲಿಲ್ಲ. "ತಿರುಗೇ! ಬೆಳಕು ಹೋಗ್ತಿದೆ!" ಎಂದು ಇವರು ಗಂಟಲು ಹರಿದುಕೊಂಡರು. ಸಿಟ್ಟಿನಲ್ಲಿ ಬೆರಳು ಗುಂಡಿ ಒತ್ತಿತು. ಆಮೇಲೆ ಅವಳು ತಿರುಗಿದಳು. ಆ ಎರಡನೆಯ ಚಿತ್ರವೇ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ವರ್ಷಗಟ್ಟಲೆ ನಿಂತದ್ದು.

"ಏನು ಕೂಗ್ತಿದ್ದೆ?" ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು.

"ನಾನು ಕಾಣಿಸ್ತೀನೇನ್ರೀ ಅಂತ."

"ಕಾಣದೆ ಏನು? ಚುಕ್ಕಿ ಥರ ಕಾಣ್ತೀಯ."

ಅವಳು ನಕ್ಕು, ಅವರ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದಳು.

*

"ಸಿಕ್ತು," ಎಂದರು ಫೋಟೋಗ್ರಾಫರು.

ಸ್ಟುಡಿಯೋದಲ್ಲಿ ಈಗ ಎಲ್ಲವೂ ಕಂಪ್ಯೂಟರು. ಕತ್ತಲೆಕೋಣೆಯನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಕೆಂಪು ದೀಪದಡಿ ಮಗಳು ಪಕ್ಕದಲ್ಲಿ ನಿಂತಳು. ಮೊದಲು ಹೆಂಡತಿಯ ಮುಖವೊಂದನ್ನೇ ಹಿಗ್ಗಿಸಿದರು. ಬರೀ ಮರಳಿನಂಥ ಚುಕ್ಕೆಗಳು. ಇನ್ನೂ ಹಿಗ್ಗಿಸಿದರು. ಮರಳು ಇನ್ನಷ್ಟು ದಪ್ಪವಾಯಿತು, ಕಣ್ಣಿಲ್ಲ, ಮೂಗಿಲ್ಲ.

"ಸಾಕು ಬಿಡಪ್ಪ," ಮಗಳ ದನಿ ಒಡೆಯಿತು. "ಅಮ್ಮ ಇದರಲ್ಲಿಲ್ಲ."

"ಇದ್ದಾಳೆ. ನನ್ನನ್ನೇ ನೋಡ್ತಿದ್ದಾಳೆ." ಅವರು ಹಿಗ್ಗಿಸುವ ಯಂತ್ರದ ತಲೆಯನ್ನು ಕೆಳಗಿಳಿಸಿದರು. "ಮುಖ ಬರ್ದಿದ್ರೆ ಬೇಡ. ಪೂರ್ತಿ ಬಂಡೆ ಸಮೇತ ಬರಲಿ. ದೊಡ್ಡ ಕಾಗದ ಕೊಡು."

ನಾದಿನಿ ಬಾಗಿಲು ತಟ್ಟಿದಳು. "ಭಾವ, ವ್ಯಾನು ಬಂತು."

"ಕಾಯಲಿ. ಅವಳು ಬಿಸಿಲಲ್ಲಿ ಎಷ್ಟು ಹೊತ್ತು ಕಾದಿಲ್ಲ!"

ಒದ್ದೆ ಕಾಗದವನ್ನು ಮಗಳು ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದಳು. ಅಷ್ಟರಲ್ಲಿ ಅವರು ಸ್ಟುಡಿಯೋದ ಕಿಟಕಿಯಲ್ಲಿದ್ದ ಫೋಟೋ ಚೌಕಟ್ಟನ್ನು ಇಳಿಸಿ, ಊರೆಲ್ಲ ಹೊಗಳಿದ್ದ ಆ ಚಿತ್ರವನ್ನು ಹೊರತೆಗೆದು, ಕೆಟ್ಟುಹೋಯಿತೆಂದು ಎಂದೋ ಬದಿಗೆಸೆದಿದ್ದ ಇದನ್ನು ಒಳಗೆ ಕೂರಿಸಿದರು. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಚೌಕಟ್ಟು ಹೆಂಡತಿಯ ತಲೆಯ ಬಳಿ ನಿಂತಿತು. ಜನ ಎದ್ದರು, ಆದರೆ ನಾಲ್ಕು ಹೆಜ್ಜೆ ಆಚೆಯೇ ನಿಂತರು. ಸ್ಟುಡಿಯೋಗೆ ಬಂದವರಿಗೆಲ್ಲ ಈ ಮನುಷ್ಯನಿಂದ ಬೈಗುಳ ತಿಂದು ಗೊತ್ತು: ದೂರ ನಿಂತು ನೋಡಿ, ಗಾಜು ಮುಟ್ಟಬೇಡಿ, ಬಂಡೆ ನೋಡೋದು ಹಾಗಲ್ಲ.

"ಹತ್ತಿರ ಬನ್ನಿ," ಎಂದರು ಫೋಟೋಗ್ರಾಫರು. ಯಾರೂ ಕದಲಲಿಲ್ಲ. "ಹತ್ತಿರ ಬನ್ರೀ! ಬಂಡೆ ಹಾಳಾಗಿ ಹೋಗ್ಲಿ. ಅವಳನ್ನ ನೋಡಿ."

ಮೊದಲು ನಾದಿನಿ ಬಗ್ಗಿದಳು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕಿದಳು. "ಇಲ್ಲಿದ್ದಾಳೆ!" ಎಂದು ಬೆರಳಿಟ್ಟಳು. "ಕೈ ಎತ್ತಿದ್ದಾಳೆ ನೋಡು, ನಮ್ಮಕ್ಕ!" ಆಮೇಲೆ ಒಬ್ಬೊಬ್ಬರೇ ಬಂದರು. ಅವಳ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡಿದ್ದ ಹೆಂಗಸರು, ಅಕ್ಕಪಕ್ಕದವರು, ಕೊನೆಗೆ ವ್ಯಾನಿನ ಡ್ರೈವರು ಕೂಡ. ಎಲ್ಲರೂ ಬಗ್ಗಿದರು, ಹುಡುಕಿದರು, ಸಿಕ್ಕಾಗ ಬೆರಳಿಟ್ಟರು.

ಅವಳನ್ನು ಎತ್ತುವ ಮೊದಲು ಮಗಳು ಗಾಜು ಒರೆಸಲು ಬಟ್ಟೆ ತಂದಳು. ಫೋಟೋಗ್ರಾಫರು ಅವಳ ಕೈ ಹಿಡಿದು ತಡೆದರು. ಅಷ್ಟೆತ್ತರದ ಬಂಡೆಯ ಮೇಲೆ ಗಾಜು ಎಲ್ಲೆಡೆ ಥಳಥಳಿಸುತ್ತಿತ್ತು. ಬುಡದಲ್ಲಿ ಮಾತ್ರ, ಬಿಳಿ ಕೋಟಿನ ಸುತ್ತ, ಬೆರಳ ಗುರುತುಗಳು ಒಂದರ ಮೇಲೊಂದು ಮುತ್ತಿಕೊಂಡಿದ್ದವು.