ಒಂದೇ ರೀಲಿನ ತಂತಿ

"ದೋಷ ನಿನ್ನ ಮಗಳ ರಕ್ತದಾಗ ಐತಿ. ಡಾಕ್ಟರು ಬಾಯಿ ಬಿಟ್ಟ ಹೇಳ್ಯಾರ, ನಾ ಕಿವಿಯಾರೆ ಕೇಳೇನಿ. ಇನ್ನೇನ ಬೇಕ ನಿನಗ?"

ರಾಯಪ್ಪ ಕೈಯಲ್ಲಿದ್ದ ಸುತ್ತಿಗೆಯನ್ನು ಬೆಂಚಿನ ಮೇಲೆ ಕುಕ್ಕಿದ. ಟಿಕೋಟಾದಲ್ಲಿ ಅವನದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಬಾಗಿಲಲ್ಲಿ ಅವನ ಅಕ್ಕ ಹುಲಿಗೆವ್ವ ನಿಂತಿದ್ದಳು. ಬಬಲೇಶ್ವರದಿಂದ ಬಂದವಳು ಇನ್ನೂ ಕೂತಿರಲಿಲ್ಲ. ಕೂಡು ಎಂದು ಇವನೂ ಅಂದಿರಲಿಲ್ಲ.

"ಹನ್ನೆರಡ ದಿನಾ ಆತು, ಕೂಸಿನ ಕೂಡ ಅಕಿನ್ನ ನನ್ನ ಮನಿಗೆ ಅಟ್ಟಿ," ಎಂದಳು ಹುಲಿಗೆವ್ವ. "ಹೆಣ್ಣ ಕೊಡ ಅಂತ ನನ್ನ ಹೊಸ್ತಿಲಾ ಸವಿಸಿದಾಂವ ಯಾರಲೇ?"

ಆ ಮಾತು ನಾಟಿತು. ನಾಲ್ಕು ವರ್ಷದ ಹಿಂದೆ ಅಕ್ಕನ ಮಗಳು ಆಮ್ರಪಾಲಿಗೆ ವಿಜಯಪುರದ ಜಲನಗರದಿಂದ ನೌಕರಿಯ ವರ ಬಂದಿತ್ತು. ರಾಯಪ್ಪ ಹೋಗಿ ಕೂಗಾಡಿ ಆ ಸಂಬಂಧ ಮುರಿಸಿದ್ದ. ತನ್ನ ಮಗ ಕುನಾಲ ಇರುವಾಗ ಅಕ್ಕನ ಮಗಳು ಹೊರಗೆ ಹೋಗಕೂಡದು, ಅದು ತನ್ನ ಹಕ್ಕು ಎಂದು ಹಟ ಹಿಡಿದು ಮದುವೆ ಮಾಡಿಸಿದ್ದ. ಆ ಕುನಾಲ ಈಗ ಅಂಗಡಿಯ ಮೂಲೆಯಲ್ಲಿ ಸುಟ್ಟ ಮೋಟರಿನ ಕಪ್ಪು ತಂತಿ ಕೀಳುತ್ತ, ತಲೆ ಎತ್ತದೆ ಎಲ್ಲ ಕೇಳುತ್ತಿದ್ದ.

ಮಗು ಸುಮೇಧಾ ಒಂದೂವರೆ ವರ್ಷಕ್ಕೆ ಗೋಡೆ ಹಿಡಿದು ನಡೆದಿದ್ದಳು. ಎರಡು ತುಂಬುವಷ್ಟರಲ್ಲಿ ನಡೆಯುವುದನ್ನು ಮರೆತಳು. ಕಾಲು ಕಟ್ಟಿಗೆಯಂತೆ ಬಿಗಿದವು, ಆಡುತ್ತಿದ್ದ ನಾಲ್ಕು ಮಾತೂ ಹೋದವು. ವಿಜಯಪುರದ ಡಾಕ್ಟರು ಮಗು, ತಾಯಿ, ತಂದೆ ಮೂವರ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಕುನಾಲ ಬೋರ್‌ವೆಲ್ ಕೆಲಸಕ್ಕೆ ಹೋಗಿದ್ದ. ರಾಯಪ್ಪ ಒಬ್ಬನೇ ಹೋಗಿದ್ದ.

ಮಿದುಳು ಬೆಳೆಯುವ ಕಾಲಕ್ಕೆ ನರದ ಎಳೆಗಳ ಮೇಲೆ ಒಂದು ಬಿಳಿ ಹೊದಿಕೆ ಕೂರಬೇಕು, ಈ ಮಗುವಿಗೆ ಅದು ಸರಿಯಾಗಿ ಕೂರಲೇ ಇಲ್ಲ ಎಂದು ಡಾಕ್ಟರು ಹೇಳಿದಾಗ ಬೇರೆ ಯಾರಾದರೂ ಕಣ್ಣು ಕಣ್ಣು ಬಿಡುತ್ತಿದ್ದರು. ರಾಯಪ್ಪನಿಗೆ ಥಟ್ಟನೆ ತಿಳಿಯಿತು. ತಾಮ್ರದ ತಂತಿಯ ಮೇಲೆ ವಾರ್ನಿಶ್ ಇಲ್ಲದಿದ್ದರೆ ಕರೆಂಟು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಹೊದಿಕೆ ಕಟ್ಟುವ ಜೀನ್ ಕೆಟ್ಟಿದೆ, ಹೋದದ್ದನ್ನು ತಿರುಗಿ ತರುವ ಔಷಧ ಇಲ್ಲ, ಕೈಕಾಲು ತಿಕ್ಕಿ ಆಡಿಸುತ್ತ ಜೋಪಾನ ಮಾಡಬೇಕು ಎಂದರು. ಆಮೇಲೆ ಇನ್ನೂ ಒಂದು ಮಾತು ಹೇಳಿದರು. ಅದನ್ನು ಅವನು ಮನೆಗೆ ತರಲಿಲ್ಲ. ರಿಪೋರ್ಟನ್ನು ಅಂಗಡಿಯ ಡ್ರಾವರಿಗೆ ಹಾಕಿ ಕೀಲಿ ಜಡಿದ. ದೋಷ ಸೊಸೆಯದು ಎಂದು ಓಣಿಗೆಲ್ಲ ಸಾರಿದ. ಅವಳನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ನೋಡುತ್ತೇನೆ ಎಂದೂ ಅಂದ. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಸುತ್ತಿದ ತಂತಿಯ ಕಾಯಿಲನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಹುಲಿಗೆವ್ವ ಒಳಗೆ ಬಂದು ಬೆಂಚಿನ ಮೇಲಿದ್ದ ತಂತಿಯ ರೀಲು ಎತ್ತಿಕೊಂಡಳು. ತನ್ನ ಮದುವೆಗೆ ಮುಂಚೆ ಈ ಅಂಗಡಿಯಲ್ಲಿ ತಮ್ಮನ ಎದುರು ಕೂತು ರೀಲು ಹಿಡಿದವಳು ಅವಳೇ.

"ಒಂದ ಮಾತ ಹೇಳು ರಾಯಪ್ಪ. ತಂತಿ ಮ್ಯಾಲ ಒಂದ ಕಡೆ ವಾರ್ನಿಶ್ ಎದ್ದರ ಮೋಟರ್ ಸುಡತೈತೇನು?"

ಕಸುಬಿನ ವಿಷಯದಲ್ಲಿ ರಾಯಪ್ಪ ಸುಳ್ಳು ಹೇಳಿದವನಲ್ಲ. ಬಾಯಿ ತಾನಾಗಿ ಆಡಿತು.

"ಒಂದಕ್ಕ ಏನೂ ಆಗೂದಿಲ್ಲ. ಎರಡ ಕಡೆ ಎದ್ದು, ಅವೆರಡೂ ಒಂದಕ್ಕೊಂದು ತಾಗಬೇಕು."

"ಹಂಗಾರ ಕೂಸಿನಾಗ ಎರಡನೇದು ಯಾರದು?"

ಮೂಲೆಯಲ್ಲಿ ತಂತಿ ಕೀಳುವ ಸದ್ದು ನಿಂತಿತು. ಕುನಾಲ ಎದ್ದು ಬಂದ. ಅಪ್ಪನಲ್ಲಿ ಕೀಲಿ ಕೇಳಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಡ್ರಾವರು ಮೀಟಿದ. ರಾಯಪ್ಪ ಅವನ ರಟ್ಟೆಗೆ ಕೈ ಹಾಕಿದ, ಮಗ ಕೊಡವಿಕೊಂಡ. ಹಾಳೆ ಬಿಡಿಸಿ, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ.

"ಇದು ಅಕಿ ಹೆಸರು. ಇದು ನನ್ನ ಹೆಸರು. ಇಬ್ಬರ ಹೆಸರಿನ ಮುಂದೂ ಅದ ದೋಷಾ ಬರದಾರ, ಯಪ್ಪಾ."

ಹುಲಿಗೆವ್ವ ಗೆದ್ದವಳಂತೆ ನೋಡಲಿಲ್ಲ. ನಮ್ಮ ಅಪ್ಪನಿಂದಲೋ ಅವ್ವನಿಂದಲೋ ನಮ್ಮಿಬ್ಬರಿಗೂ ಬಂದಿರಬೇಕು, ಯಾರೂ ಬೇಕೆಂದು ಮಾಡಿದ್ದಲ್ಲ ಎಂದಳು. ಡಾಕ್ಟರು ಕೊನೆಗೆ ಹೇಳಿದ್ದೂ ಇದನ್ನೇ. ಆಮ್ರಪಾಲಿ ಅಲ್ಲಿ ಅನ್ನ ಬಿಟ್ಟು, ತನ್ನಿಂದಲೇ ಮಗು ಹೀಗಾಯಿತೆಂದು ಹಣೆ ಚಚ್ಚಿಕೊಳ್ಳುತ್ತಿದ್ದಾಳೆ ಎಂದಳು. ಆಮೇಲೆ ರೀಲನ್ನು ಇದ್ದಲ್ಲೇ ಇಟ್ಟಳು.

"ಓಣ್ಯಾಗ ಒಂದ ಮಾತ ಅಂದಬಿಡು. ಎರಡೂ ಕಡೆದು ಅಂತ. ನಾಳಿಗೆ ತಾಯಿ ಮಗಳನ್ನ ನಾನ ಕರ್ಕೊಂಡ ಬರ್ತೇನಿ."

ಆ ಮಾತು ರಾಯಪ್ಪನ ನಾಲಿಗೆಯ ತುದಿಯವರೆಗೆ ಬಂತು. ಅಂಗಡಿಯ ಮುಂದೆ ಮೋಟರ್ ಒಯ್ಯಲು ಬಂದಿದ್ದ ಸಿದ್ದರಾಮ ನಿಂತು ನೋಡುತ್ತಿದ್ದ. ಹನ್ನೆರಡು ದಿನದಿಂದ ಇವನು ಎಲ್ಲರ ಮುಂದೆ ಹೇಳಿದ್ದನ್ನು ಅವನೂ ಕೇಳಿದ್ದ.

"ನನ್ನ ಮಗನ ತಂತಿ ಚಲೋ ಐತಿ," ಎಂದ ರಾಯಪ್ಪ. "ಆ ಹಾಳಿ ಸುಳ್ಳ."

ಕುನಾಲ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗಿಟ್ಟ. ಕೈಯ ಮಸಿಯನ್ನು ಚಿಂದಿಗೆ ಒರೆಸಿಕೊಂಡ. "ನಡಿ ಅತ್ತಿ," ಎಂದ. ಹುಲಿಗೆವ್ವ ಒಮ್ಮೆ ತಿರುಗಿ ನೋಡಿದಳು. ಕುನಾಲ ನೋಡಲಿಲ್ಲ. ಇಬ್ಬರನ್ನೂ ಹೊತ್ತ ಅವನ ಬೈಕು ಬಬಲೇಶ್ವರದ ಕಡೆ ತಿರುಗಿತು.

ಹೊಟ್ಟೆ ಹಸಿದರೆ ಬರುತ್ತಾನೆ ಎಂದ ರಾಯಪ್ಪ, ಸಿದ್ದರಾಮನಿಗೆ ಕೇಳಿಸುವಂತೆ. ಕೂತು, ಮಗ ಅರ್ಧಕ್ಕೆ ಬಿಟ್ಟ ತಂತಿ ಕೀಳತೊಡಗಿದ. ಎದ್ದ. ರಸ್ತೆಯವರೆಗೆ ಹೋಗಿ ಬಂದು ಮತ್ತೆ ಕೂತ. ಕುನಾಲನ ಊಟದ ಡಬ್ಬಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮೂರನೆಯ ದಿನ ಅದು ನಾರತೊಡಗಿದಾಗ ರಾಯಪ್ಪ ತಾನೇ ಇಳಿಸಿ ತೊಳೆದು, ಅದೇ ಮೊಳೆಗೆ ತೂಗುಹಾಕಿದ. ಅದನ್ನು ಒಯ್ಯಲು ಕುನಾಲ ಬರಲಿಲ್ಲ.