ಎರಡು ಕಾಲಿನ ಕೊಳವೆ

ಮಗಳ ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಎತ್ತಿದೆ. ತಂಗಿ.

"ಅಕ್ಕಾ, ಮತ್ತೆ ಸಿಡೀತು."

"ನಿನಗೇನೂ ಆಗಿಲ್ಲ ತಾನೇ?"

"ಮುಂದೆ ದಪ್ಪ ಗಾಜಿನ ಪರದೆ ಇತ್ತಲ್ಲ, ಏನೂ ಆಗಿಲ್ಲ. ಕೊಳವೆ ಮಾತ್ರ ಪುಡಿಪುಡಿ. ಇವತ್ತೂ ಆಗದಿದ್ರೆ ಕ್ಯಾಡ್ಮಿಯಂ ಕೆಲಸಾನೇ ಬಿಟ್ಟುಬಿಡು ಅಂದಿದಾರೆ ಮೇಷ್ಟ್ರು. ಒಂದು ಗಳಿಗೆ ಬಂದು ನೋಡ್ತೀಯಾ?"

ಅವಳಿಗೆ ಪೆಟ್ಟಾಗಿಲ್ಲವೆಂದು ತಿಳಿದ ಮರುಗಳಿಗೆಯೇ ನನ್ನೊಳಗೆ ಸಣ್ಣ ಹಿಗ್ಗು ಎದ್ದಿತು. ಅವಳೀಗ ಕೆಲಸ ಮಾಡುವ ಲ್ಯಾಬಿನ ಆ ಮೇಜು ಮೊದಲು ನನ್ನದಾಗಿತ್ತು. ದ್ರವ ಅಮೋನಿಯಾದಲ್ಲಿ ಕ್ಯಾಡ್ಮಿಯಂ ಅಮೈಡ್ ಎಂಬ ಬಿಳಿ ಪುಡಿ ಮಾಡಿ, ಅದನ್ನು ಮೆಲ್ಲಗೆ ಕಾಯಿಸಿ ಕಪ್ಪು ನೈಟ್ರೈಡ್ ಮಾಡುವುದು ನನ್ನ ಕೆಲಸವಾಗಿತ್ತು. ಮಗಳು ಹುಟ್ಟಿದ ಮೇಲೆ ನನ್ನ ಬಟ್ಟೆಯಲ್ಲಿ ಉಳಿದ ಅಮೋನಿಯಾದ ವಾಸನೆಗೇ ಅವಳಿಗೆ ಉಬ್ಬಸ ಬರುತ್ತಿತ್ತು. ಕೆಲಸ ಬಿಟ್ಟೆ. ನನ್ನ ಸ್ಟೂಲಿನ ಮೇಲೆ ತಂಗಿ ಕೂತಳು.

ಶಾಲೆಗೆ ರಜ. ಮಗಳನ್ನೂ ಕರೆದುಕೊಂಡು ಹೊರಟೆ. ಉಳಿದ ಜಡೆಯನ್ನು ಬಸ್ಸಿನಲ್ಲೇ ಹೆಣೆದೆ.

"ಅಮ್ಮಾ, ಒಂದು ಕೇಳ್ಲಾ?"

"ತಲೆ ಅಲ್ಲಾಡಿಸ್ಬೇಡ ಪುಟ್ಟಿ. ಆಮೇಲೆ ಕೇಳು."

ಲ್ಯಾಬಿನಲ್ಲಿ ಅವಳನ್ನು ಖಾಲಿಯಿದ್ದ ಮೇಷ್ಟ್ರ ಕೋಣೆಯಲ್ಲಿ, ಗಾಜಿನ ಗೋಡೆಯ ಆಚೆ ಕೂರಿಸಿದೆ. ತಂಗಿಯನ್ನು ಕಂಡದ್ದೇ ತಡ, ಮಗಳ ಮುಖ ಊರಗಲವಾಯಿತು.

"ಚಿಕ್ಕಿ ಕೋಟು ಎಷ್ಟು ಚೆನ್ನಾಗಿದೆ!"

"ಅದು ನಂದು," ಎಂದೆ. "ಜೇಬಿನ ಹತ್ತಿರ ನೋಡು, ಆಸಿಡ್ ಬಿದ್ದು ತೂತಾಗಿತ್ತು. ಆ ಹೊಲಿಗೆ ನಾನು ಹಾಕಿದ್ದು."

"ಅಕ್ಕಾ, ಬೇಕಾದ್ರೆ ಈಗಲೇ ಬಿಚ್ಚಿಕೊಡ್ತೀನಿ ಮಾರಾಯ್ತಿ," ಎಂದು ತಂಗಿ ನಕ್ಕಳು. ನನಗೆ ನಗು ಬರಲಿಲ್ಲ.

ಮೇಜಿನ ಬಳಿ ತಂಗಿ ಕೂತ ಕಡೆ ನನಗೆ ಜಾಗವಿರಲಿಲ್ಲ. ಎದುರುಗಡೆಯ ಎತ್ತರದ ಕುರ್ಚಿಯಲ್ಲಿ ಕೂತೆ. ಕಾಲೇಜಿಗೆ ಹೋಗುತ್ತಿದ್ದಾಗ ತಂಗಿ ಇದೇ ಕುರ್ಚಿಯಲ್ಲಿ, ಗಲ್ಲಕ್ಕೆ ಕೈಕೊಟ್ಟು, ನನ್ನ ಕೆಲಸ ನೋಡುತ್ತಾ ಕೂರುತ್ತಿದ್ದಳು.

ನಮ್ಮ ಗಾಜಿನ ಕೊಳವೆಗೆ ಪ್ಯಾಂಟಿನ ಹಾಗೆ ಎರಡು ಕಾಲು. ಎರಡೂ ಕೊರೆಯುವ ತಣ್ಣನೆಯ ಪಾತ್ರೆಯಲ್ಲಿ ಮುಳುಗಿದ್ದವು. ತನ್ನ ಬಲಕ್ಕಿದ್ದ ಕಾಲಿನ ಅಮೋನಿಯಾಕ್ಕೆ ಅವಳು ಪೊಟ್ಯಾಸಿಯಂ ಹಾಕಿದಳು. ಶಾಯಿಯಂಥ ನೀಲಿ ಹರಡಿತು. ಕ್ರಿಯೆಗೆ ವೇಗ ಕೊಡುವ ತುಕ್ಕು ಹಿಡಿದ ತಂತಿಯ ಚೂರು ಬಿದ್ದ ಮೇಲೆ ಆ ನೀಲಿ ನಿಧಾನವಾಗಿ ಆರಿಹೋಯಿತು. ಪೊಟ್ಯಾಸಿಯಂ ಅಮೈಡ್ ಸಿದ್ಧ. ಅವಳ ಎಡಕ್ಕಿದ್ದ ಕಾಲಿನಲ್ಲಿ ಕ್ಯಾಡ್ಮಿಯಂ ಉಪ್ಪು ಕರಗಿತ್ತು. ಅವಳ ಬೆರಳುಗಳಲ್ಲಿ ಆತುರವಿರಲಿಲ್ಲ, ನಡುಕವಿರಲಿಲ್ಲ. ನನಗಿಂತ ಚೆನ್ನಾಗಿ ಮಾಡುತ್ತಾಳೆ ಎನ್ನಿಸಿ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿದಂತಾಯಿತು. ಮೇಜಿನ ಕೆಳಗೆ ನನ್ನ ಕೈಗಳು ಅವಳ ಕೈಗಳ ಜೊತೆಗೇ ಆಡುತ್ತಿದ್ದವು.

ಅವಳು ಕೊಳವೆಯನ್ನು ಬಾಗಿಸಿದಳು. ಬಿಳಿ ಪುಡಿ ಇಳಿಯಿತು.

ಅವಳ ಕೈ ಅವಳ ಬಲಕ್ಕೆ ಬಾಗಿತ್ತು, ನನ್ನ ಕೈ ನನ್ನ ಎಡಕ್ಕೆ.

ಆಗ ಹೊಳೆಯಿತು. ಹೇಳದೆ ಇದ್ದುಬಿಡಬಹುದಿತ್ತು. ಒಂದು ಮಾತು ನುಂಗಿಕೊಂಡರೆ ಸಾಕು, ನನಗಿಲ್ಲದ ಮೇಜು ನಾಳೆಯಿಂದ ಅವಳಿಗೂ ಇಲ್ಲ. ತಂಗಿ ಒಲೆಯ ಕಡೆ ಕೈ ಚಾಚಿದಳು. ಗಾಜಿನಾಚೆ ಮಗಳು ಮೂಗನ್ನು ಚಪ್ಪಟೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು, ತಂಗಿಯನ್ನಲ್ಲ.

"ಕಾಯಿಸ್ಬೇಡ, ನಿಲ್ಸು," ಎಂದೆ. "ಎಡದಿಂದ ಬಲಕ್ಕೆ ಯಾಕೆ ಸುರಿದೆ?"

"ನೀನು ಹಾಗೇ ಸುರೀತಿದ್ದೆಯಲ್ಲ! ನಾನೇ ಕಣ್ಣಾರೆ ನೋಡಿದೀನಿ."

"ಎಲ್ಲಿ ಕೂತು ನೋಡಿದೆ?"

ಅವಳು ನಾನು ಕೂತ ಕುರ್ಚಿಯನ್ನು ನೋಡಿದಳು. ತನ್ನ ಬಲಗೈ ನೋಡಿಕೊಂಡಳು. ಹಣೆ ಚಚ್ಚಿಕೊಂಡಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಯಾವುದು ಯಾವುದಕ್ಕೆ ಬಿದ್ರೂ ಒಂದೇ ಅಂದ್ಕೊಂಡಿದ್ದೆ."

ಒಂದೇ ಅಲ್ಲ. ಅಮೈಡನ್ನು ಉಪ್ಪಿಗೆ ತೊಟ್ಟುತೊಟ್ಟಾಗಿ ಬಿಡಬೇಕು. ಉಪ್ಪನ್ನು ಅಮೈಡಿಗೆ ಸುರಿದರೆ ಪೊಟ್ಯಾಸಿಯಂ ಕೂಡ ಪುಡಿಗೆ ಅಂಟಿಕೊಂಡು ಕೂರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ, ಕಾಯಿಸಿದಾಗ ಸಿಡಿಯುತ್ತದೆ. ಯಾವ ಕಾಲಿಗೆ ಏನು ಎಂದು ಸ್ಟ್ಯಾಂಡಿಗೆ ನಾನೇ ಚೀಟಿ ಅಂಟಿಸಿದ್ದೆ. ಬಾಗಿಸುವುದನ್ನು ಮಾತ್ರ ಅವಳು ಕಣ್ಣಲ್ಲೇ ಕಲಿತಿದ್ದಳು, ಎದುರಿನಿಂದ, ಎಡಬಲ ಅದಲುಬದಲಾಗಿ.

ಹೊಸ ಕೊಳವೆ ತಂದಳು. ಮೊದಲಿಂದ ಶುರು. ಈ ಸಲ ಬಲದಿಂದ ಎಡಕ್ಕೆ. ಪುಡಿ ತೊಳೆದು, ಪರದೆ ಸರಿಸಿ, ಎಣ್ಣೆಯ ಪಾತ್ರೆಯಲ್ಲಿ ಕಾಯಿಸತೊಡಗಿದಳು. ಒಲೆ ಹೆಚ್ಚಿಸಲು ಅವಳ ಕೈ ಹೋದಾಗಲೆಲ್ಲ "ಉಹುಂ" ಎನ್ನುವುದಷ್ಟೇ ನನ್ನ ಕೆಲಸ. ಮಧ್ಯಾಹ್ನ ಸಂಜೆಗೆ ವಾಲಿತು. ಬಿಳುಪು ಕಂದಾಯಿತು, ಕಂದು ಕಪ್ಪಾಯಿತು. ಸದ್ದೇ ಇಲ್ಲ.

ಮೇಷ್ಟ್ರು ಓಡಿಬಂದರು. "ಭಲೇ ಹುಡುಗಿ! ಕೊನೆಗೂ ಗೆದ್ದೆ!" ಎಂದು ತಂಗಿಯ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ, "ಓ, ನೀನೂ ಬಂದಿದ್ಯಾ? ಮನೇಲೆಲ್ಲ ಕ್ಷೇಮವೇನಮ್ಮಾ?" ಎಂದರು.

"ಸಾರ್, ಅಕ್ಕನೇ ಹೇಳಿಕೊಟ್ಟಿದ್ದು," ಎಂದಳು ತಂಗಿ. ಅವರು ಆಗಲೇ ಕೊಳವೆಗೆ ಕಣ್ಣು ಕೊಟ್ಟಿದ್ದರು.

ಮಗಳು ಬಾಗಿಲು ತಳ್ಳಿಕೊಂಡು ಬಂದು ತಂಗಿಯನ್ನು ಅಪ್ಪಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಬಾ ಈಚೆ! ಕೋಟಿನಲ್ಲಿ ವಾಸನೆ ಇದೆ," ಎಂದು ತೋಳು ಹಿಡಿದೆಳೆದೆ.

ಅವಳು ಬರಲಿಲ್ಲ. ನಾನು ಹೊಲಿದ ಜೇಬಿಗೇ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದಳು. ನನ್ನ ಕಿವಿ ತಾನಾಗಿ ಅವಳ ಎದೆಯ ಗೊರಗೊರ ಸದ್ದಿಗೆ ಕಾದಿತು. ಬರಲಿಲ್ಲ. ಅವಳು ಇನ್ನೊಮ್ಮೆ ಎಳೆದಳು, ನನಗೆ ಕೇಳಿಸಲೆಂದೇ.

"ಅಮ್ಮಾ, ನಂಗೀಗ ಉಬ್ಬಸಾನೇ ಬರಲ್ವಲ್ಲ. ನೀನ್ಯಾಕೆ ಇನ್ನೂ ಮನೇಲೇ ಇದೀಯ?"