ಮೊಣಕಾಲಿಗೆ ಸುತ್ತಿದ ಕುರಿಚರ್ಮ

ಕಲಿಪಾ ತನ್ನ ತಂಗಿ ಜಿಬೆಕ್‌ಗೆ ಮೂತ್ರಪಿಂಡ ಕೊಟ್ಟು ಆರು ವರ್ಷವಾಗಿತ್ತು. ಕೊಟ್ಟ ಮೇಲೆ ಸುಮ್ಮನಿರುವ ಹೆಂಗಸಲ್ಲ ಅವಳು. ತಂಗಿಯ ಊಟ, ಔಷಧಿ, ನಿದ್ದೆ ಎಲ್ಲಕ್ಕೂ ಅವಳದೇ ಯಜಮಾನಿಕೆ.

ಆ ಬೇಸಿಗೆ ಉಣ್ಣೆಹಾಸು ಮಾಡಲು ಜೊಂಡಿನ ಚಾಪೆಯ ಮೇಲೆ ಒದ್ದೆ ಉಣ್ಣೆ ಹರಡಿ, ಮಂಡಿಯೂರಿ ಉರುಳಿಸುತ್ತಿದ್ದಾಗ ಜಿಬೆಕ್‌ಳ ಮೊಣಕಾಲಿಗೆ ಸಿಬಿರು ಚುಚ್ಚಿತು. ಎರಡು ವಾರದಲ್ಲಿ ಮಂಡಿ ಊದಿಕೊಂಡಿತು. ಜ್ವರ ಬಂದರೆ ತಕ್ಷಣ ಬನ್ನಿ ಎಂದು ಕಸಿ ಮಾಡಿದಾಗಲೇ ಹೇಳಿದ್ದರು ರಾಜಧಾನಿ ಬಿಷ್ಕೆಕ್‌ನ ಡಾಕ್ಟರಮ್ಮ. ಜ್ವರವೇ ಬರಲಿಲ್ಲ. ಕಸಿಯನ್ನು ದೇಹ ತಳ್ಳಿಹಾಕದಿರಲೆಂದು ನುಂಗುವ ಮಾತ್ರೆಗಳು ಜ್ವರವನ್ನೂ ಅದುಮಿಡುತ್ತವೆಂದು ಇವರಿಗೇನು ಗೊತ್ತು?

"ಥಂಡಿ ಹಿಡಿದಿದೆ, ಅಷ್ಟೇ," ಎಂದು ಕಲಿಪಾ ತೀರ್ಪು ಕೊಟ್ಟಳು. ಊರಿನ ಹಳೆಯ ಮದ್ದಿನಂತೆ ಕುರಿ ಕೊಯ್ಸಿ, ಬಿಸಿಯಾರದ ಚರ್ಮವನ್ನು ಮಂಡಿಗೆ ಸುತ್ತಿ ಬಿಗಿದಳು. ಮಾಂಸವನ್ನು ಓಣಿಗೆಲ್ಲ ಹಂಚಿದಳು. ಉಂಡವರು ಅಂಗೈಯಿಂದ ಮುಖ ಸವರಿಕೊಂಡು, ಜಿಬೆಕ್ ಗುಣವಾಗಲೆಂದು ಹರಸಿದರು.

"ಅಕ್ಕ, ನಾನೇ ಕುರಿ ಥರ ನಾರ್ತಿದೀನಿ."

"ನಾರು. ನಡೆಯೋದು ಮುಖ್ಯ."

ನೋವು ನಾಲ್ಕು ದಿನ ಇಳಿದಂತಾಯಿತು. ಮತ್ತೆ ಏರಿತು. ಇನ್ನೊಂದು ಕುರಿ ಬಿತ್ತು. ಹೀಗೆ ತಿಂಗಳು ಕಳೆಯಿತು.

ಕಾಲೂರಲೂ ಆಗದಾದಾಗ ಬಿಷ್ಕೆಕ್‌ಗೆ ಹೋದರು. ಆಸ್ಪತ್ರೆಯಲ್ಲಿ ಮಂಡಿಗೆ ಸೂಜಿ ಹಾಕಿ ಕೀವು ತೆಗೆದರು. "ಕೀಲೊಳಗೆ ಬೂಷ್ಟು ಬೆಳೆದಿದೆ," ಎಂದರು ಡಾಕ್ಟರಮ್ಮ.

"ಬೂಷ್ಟಾ? ರೊಟ್ಟಿಗೆ ಬರುತ್ತಲ್ಲ, ಅದಾ?" ಎಂದಳು ಕಲಿಪಾ.

"ಅದರ ಜಾತಿದೇ. ಸಿಬಿರಿನ ಜೊತೆ ಒಳಗೆ ಹೋಗಿದೆ. ಬೇಗ ಬಂದಿದ್ರೆ ಮಾತ್ರೆಲೇ ಹೋಗ್ತಿತ್ತೇನೋ. ಈಗ ಮೂಳೆಗೆ ಇಳಿದಿದೆ. ಇದಕ್ಕೆ ಹಾಕೋ ಔಷಧಿ ಮೂತ್ರಪಿಂಡಾನ ಹಾಳು ಮಾಡಬಹುದು. ಹಾಕದಿದ್ರೆ ಜೀವಕ್ಕೇ ಅಪಾಯ."

"ನಂದು ಇನ್ನೊಂದಿದೆಯಲ್ಲ. ತಗೊಳ್ಳಿ."

"ಅದು ನಿಮಗೆ ಬೇಕು," ಎಂದರು ಡಾಕ್ಟರಮ್ಮ.

ಔಷಧಿ ಹಾಕಲು ಒಪ್ಪಿ ಕಲಿಪಾ ಸಹಿ ಹಾಕಿದಳು. ಬಾಟಲಿ ತೂಗುಬಿತ್ತು. ಔಷಧಿ ತಂದ ಚಳಿಗೆ ನಡುಗುತ್ತಲೇ ಜಿಬೆಕ್ ನಕ್ಕಳು. "ನಿನ್ನ ಮೂತ್ರಪಿಂಡ ಆರು ವರ್ಷ ನನ್ನ ಮಾತು ಕೇಳ್ತು. ನೀನು ಒಂದಿನಾನೂ ಕೇಳಲಿಲ್ಲ ನೋಡು."

ಕಲಿಪಾ ಅವಳ ಮೇಲೆ ಇನ್ನೊಂದು ಹೊದಿಕೆ ಹೊದಿಸಿದಳು. ತಾನೇ ಕೊಟ್ಟದ್ದನ್ನು ತಾನೇ ಹಾಳು ಮಾಡಿದ್ದಳು.

ಐದನೆಯ ಬೆಳಿಗ್ಗೆ ನರ್ಸ್ ಮೂತ್ರ ಅಳೆದಳು. ನಿನ್ನೆಯದರ ಅರ್ಧ. ಮೂತ್ರಪಿಂಡ ಸೋಲುತ್ತಿತ್ತು. ಮಾತ್ರೆ ಬದಲಿಸಲು, ಕುರಿ ಕೊಯ್ಸಲು, ಜಗಳ ಮಾಡಲು, ಇಲ್ಲಿ ಅವಳ ಕೈಯಲ್ಲಿ ಏನೂ ಇರಲಿಲ್ಲ. ಆಗಲೇ ಊರಿಂದ ಪಕ್ಕದ ಮನೆಯ ಮುದುಕ ಸಾಪಾರ್ ಫೋನ್ ಮಾಡಿದ.

"ಕಲಿಪಾ, ಓಣಿಯವರೆಲ್ಲ ಸೇರಿ ಕುರಿ ತಂದಿದೀವಿ. ಬಸ್ಸಲ್ಲಿ ಕಳಿಸ್ತೀವಿ, ಚರ್ಮ ಬಿಸಿ ಇರೋಹಂಗೆ ಅಲ್ಲೇ ಕೊಯ್ಸು."

ಕಲಿಪಾ ತಂಗಿಯ ಮಂಡಿಯ ಪಟ್ಟಿಯತ್ತ ನೋಡಿದಳು.

"ಅಲ್ಲೇ ಕೊಯ್ದು ಉಣ್ಣಿ, ತಾತ," ಎಂದಳು. "ಅವಳನ್ನ ಹರಸಿ. ಚರ್ಮ ಬೇಡ."